ಊರೂರು ತಿರುಗುವವರಿಗೆ ಗೇಮಿಂಗ್ ಲ್ಯಾಪ್‌ಟಾಪ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಡೊಂಬಿವಲಿಯಲ್ಲಿ. ವಾರಕ್ಕೆ ಎರಡು ದಿನ ಪುಣೆಯ ಹಿಂಜವಡಿ ಆಫೀಸು, ಎರಡು ತಿಂಗಳಿಗೊಮ್ಮೆ ಕುಮಟಾಕ್ಕೆ ಊರಿಗೆ, ನಡುವೆ ರಜೆ ಸಿಕ್ಕಾಗ ವಾಸ್ಕೋದಲ್ಲಿರುವ ಅಕ್ಕನ ಮನೆಗೆ. ಆರು ವರ್ಷದಿಂದ ಈ ಓಡಾಟದ ನಡುವೆ ಗೇಮಿಂಗ್ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೇನೆ. ಇದು ನನ್ನ ಎರಡನೆಯದು. ಮೊದಲನೆಯದನ್ನು ತಪ್ಪಾಗಿ ಆರಿಸಿದ್ದೆ, ಎರಡು ವರ್ಷ ಅನುಭವಿಸಿದೆ. ಇಲ್ಲಿನ ಕನ್ನಡದ ಗೆಳೆಯರು, ಅವರ ತಮ್ಮಂದಿರು, ಕಾಲೇಜು ಸೇರುವ ಮಕ್ಕಳು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಂತ ಕೂತು ಬರೆದೆ.

ಅಂಗಡಿಗೆ ಹೋಗುವ ಮೊದಲು ಏನನ್ನು ತೀರ್ಮಾನ ಮಾಡಿಕೊಳ್ಳಬೇಕು?

ನೀವು ಎಲ್ಲಿ ಕೂತು ಆಡುತ್ತೀರಿ ಅನ್ನುವುದನ್ನು. ಎಲ್ಲರೂ ರೈಲಿನ ಕಿಟಕಿ ಪಕ್ಕ ಕೂತು ಆಡುವ ಚಿತ್ರವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬರುತ್ತಾರೆ. ನಾನೂ ಹಾಗೇ ಬಂದಿದ್ದೆ. ಆಮೇಲೆ ಒಂದು ತಿಂಗಳು ಲೆಕ್ಕ ಬರೆದಿಟ್ಟೆ. ದಾರಿಯಲ್ಲಿ ಆಡಿದ್ದು ಒಟ್ಟು ಮೂರು ಗಂಟೆಯೂ ಇರಲಿಲ್ಲ. ಮಿಕ್ಕಿದ್ದೆಲ್ಲ ಹೋಗಿ ಸೇರಿದ ಮೇಲೆ: ಹಿಂಜವಡಿಯ ಗೆಸ್ಟ್ ಹೌಸ್ ಕೋಣೆ, ಅಕ್ಕನ ಮನೆಯ ಊಟದ ಟೇಬಲ್, ಊರಿನ ಮನೆಯ ಜಗಲಿ. ಅಲ್ಲೆಲ್ಲ ಪ್ಲಗ್ ಇದೆ. ಅಂದರೆ ಹೊರುವುದು ದಾರಿಯಲ್ಲಿ, ಆಡುವುದು ಕೋಣೆಯಲ್ಲಿ. ಇದು ತಲೆಗೆ ಹೋದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಬ್ಯಾಟರಿಯಲ್ಲಿ ಗೇಮ್ ಎಷ್ಟು ಹೊತ್ತು ಓಡುತ್ತದೆ ಅನ್ನುವುದಕ್ಕಿಂತ ಹೆಗಲ ಮೇಲೆ ಎಷ್ಟು ಭಾರ ಬೀಳುತ್ತದೆ ಅನ್ನುವುದು ದೊಡ್ಡ ಪ್ರಶ್ನೆ ಆಗುತ್ತದೆ.

ತೂಕ ಎಷ್ಟಿದ್ದರೆ ಸರಿ?

ಅಡಾಪ್ಟರ್ ಸೇರಿಸಿ ಎರಡು ಕೆಜಿ ಆಸುಪಾಸು. "ಸೇರಿಸಿ" ಅನ್ನುವ ಮಾತನ್ನು ಮರೆಯಬೇಡಿ. ಕಂಪನಿಯವರು ಸ್ಪೆಕ್ ಪಟ್ಟಿಯಲ್ಲಿ ಬರೆಯುವುದು ಲ್ಯಾಪ್‌ಟಾಪಿನ ತೂಕ ಮಾತ್ರ. ಗೇಮಿಂಗ್ ಲ್ಯಾಪ್‌ಟಾಪಿನ ಅಡಾಪ್ಟರ್ ಅರ್ಧ ಕೆಜಿಯಿಂದ ಒಂದು ಕೆಜಿವರೆಗೂ ಇರುತ್ತದೆ, ಒಂದು ಇಟ್ಟಿಗೆ ಹಾಗೆ. ನನ್ನ ಮೊದಲ ಲ್ಯಾಪ್‌ಟಾಪ್ ಎರಡೂವರೆ ಕೆಜಿ, ಅದರ ಅಡಾಪ್ಟರ್ ಸುಮಾರು 900 ಗ್ರಾಂ. ಅದರ ಮೇಲೆ ಡಬ್ಬಿ, ನೀರಿನ ಬಾಟ್ಲಿ, ಛತ್ರಿ. ಡೊಂಬಿವಲಿಯಲ್ಲಿ ಬೆಳಿಗ್ಗೆಯ ಫಾಸ್ಟ್ ಲೋಕಲ್ ಹತ್ತುವವರಿಗೆ ಗೊತ್ತು, ಅಲ್ಲಿ ಬ್ಯಾಗ್ ಬೆನ್ನಿಗೆ ಹಾಕಲು ಆಗುವುದಿಲ್ಲ, ಎದೆಗೆ ಅಪ್ಪಿಕೊಂಡು ನಿಲ್ಲಬೇಕು. ಐದು ಕೆಜಿ ಎದೆಗೆ ಕಟ್ಟಿಕೊಂಡು ಒಂದು ಗಂಟೆ ನಿಂತರೆ ಸಂಜೆಗೆ ಕುತ್ತಿಗೆ ಹೇಳುತ್ತದೆ. ನಾನು ಆರು ತಿಂಗಳಲ್ಲಿ ಅದನ್ನು ಹೊರಗೆ ಒಯ್ಯುವುದನ್ನೇ ಬಿಟ್ಟೆ. ಮನೆಯಲ್ಲೇ ಇಡುವುದಾದರೆ ಡೆಸ್ಕ್‌ಟಾಪ್ ತಗೊಳ್ಳಬಹುದಿತ್ತು ಅಲ್ವಾ?

ಹಾಗಾಗಿ ಅಂಗಡಿಯಲ್ಲಿ ಸಂಕೋಚ ಬೇಡ. ಡಬ್ಬ ತೆಗೆಸಿ, ಲ್ಯಾಪ್‌ಟಾಪ್ ಮತ್ತು ಅಡಾಪ್ಟರ್ ಎರಡನ್ನೂ ನಿಮ್ಮ ಬ್ಯಾಗಿಗೇ ಹಾಕಿ, ಹೆಗಲಿಗೆ ಏರಿಸಿ ಐದು ನಿಮಿಷ ನಿಂತು ನೋಡಿ.

14 ಇಂಚಾ, 16 ಇಂಚಾ?

ನಿಜವಾಗಿ ತಿರುಗುವವರಾದರೆ 14. ಪುಣೆಗೆ ಹೋಗುವ ಇಂದ್ರಾಯಣಿ ರೈಲಿನ ಸೀಟಿನಲ್ಲಿ 16 ಇಂಚು ಬಿಚ್ಚಿದರೆ ಪಕ್ಕದವರ ಮೊಣಕೈಗೆ ತಾಗುತ್ತದೆ. ವಿಮಾನದಲ್ಲಿ ಮುಂದಿನವರು ಸೀಟು ಹಿಂದಕ್ಕೆ ಬಾಗಿಸಿದರೆ ದೊಡ್ಡ ಸ್ಕ್ರೀನ್ ಅರ್ಧಕ್ಕೆ ಮಡಚಬೇಕಾಗುತ್ತದೆ. 14 ಇಂಚು ಚಿಕ್ಕದಾಯಿತು ಅಂತ ನನಗೆ ಅನಿಸಿದ್ದು ಮೊದಲ ವಾರ ಮಾತ್ರ. ಮನೆಯಲ್ಲಿ ಟಿವಿಗೆ ಒಂದು ಎಚ್‌ಡಿಎಂಐ ಕೇಬಲ್ ಹಾಕಿದರೆ ಸ್ಕ್ರೀನ್ ಎಷ್ಟು ದೊಡ್ಡದು ಬೇಕೋ ಅಷ್ಟು ಸಿಗುತ್ತದೆ.

ಗಾತ್ರಕ್ಕಿಂತ ಬೆಳಕು ನೋಡಿ. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ 250, 300 ನಿಟ್ಸ್ (ಬೆಳಕಿನ ಅಳತೆ) ಇರುವ ಸ್ಕ್ರೀನ್ ಹಾಕಿರುತ್ತಾರೆ. ಏಪ್ರಿಲ್ ಮಧ್ಯಾಹ್ನ ಕಿಟಕಿ ಪಕ್ಕ ಕೂತರೆ ಅದರಲ್ಲಿ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. 400 ದಾಟಿರಲಿ. ಪ್ರತಿ ಚುಕ್ಕಿಯೂ ತಾನೇ ಬೆಳಗುವ ಒಎಲ್‌ಇಡಿ ಸ್ಕ್ರೀನ್‌ಗಳ ಬಣ್ಣ ತುಂಬಾ ಚೆನ್ನ, ಆದರೆ ಸಾಮಾನ್ಯವಾಗಿ ಹೊಳಪಿನ ಗಾಜು ಬರುತ್ತದೆ, ಹಿಂದಿನ ಕಿಟಕಿ ಪೂರ್ತಿ ಅದರಲ್ಲಿ ಮೂಡುತ್ತದೆ. ಬಿಸಿಲಿಗೆ ಬೆನ್ನು ಹಾಕಿ ಕೂರಬೇಡಿ, ಅಷ್ಟೇ.

ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?

ಗೇಮಿನ ಚಿತ್ರ ಮೂಡಿಸುವ ಚಿಪ್ ಇದು. ಇಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಬ್ಬದ ಮೇಲೆ ಆರ್‌ಟಿಎಕ್ಸ್ 4060 ಅಂತ ಬರೆದ ಎರಡು ಲ್ಯಾಪ್‌ಟಾಪುಗಳು ಒಂದೇ ತರಹ ಓಡುವುದಿಲ್ಲ. ಅದನ್ನು ಮಾಡುವ ಎನ್‌ವಿಡಿಯಾದವರೇ ಆ ಚಿಪ್ಪಿಗೆ 35ರಿಂದ 115 ವ್ಯಾಟ್‌ವರೆಗೆ ಅಂತ ಅವಕಾಶ ಕೊಟ್ಟಿದ್ದಾರೆ. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಗಾಳಿ ಆಡಲು ಜಾಗ ಕಡಿಮೆ, ಹಾಗಾಗಿ ಕಂಪನಿಯವರು ವ್ಯಾಟ್ ಇಳಿಸುತ್ತಾರೆ. ದಪ್ಪಗಿನದರಲ್ಲಿ ಪೂರ್ತಿ ಬಿಡುತ್ತಾರೆ. ಗ್ರಾಫಿಕ್ಸ್ ಚಿಪ್ಪಿಗೆ ಬಿಡುವ ಈ ವ್ಯಾಟ್ ಮಿತಿಗೆ ಟಿಜಿಪಿ ಅಂತಾರೆ. ಸ್ಪೆಕ್ ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ ಓದಿ. ಹಾಗಂತ ವ್ಯಾಟ್ ಅರ್ಧ ಆದರೆ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಅರ್ಧ ಆಗುವುದಿಲ್ಲ. ಮೇಲೆ ಮೇಲೆ ಹೋದಂತೆ ಸುರಿದ ವ್ಯಾಟಿಗೆ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ನನ್ನ ಈಗಿನದರಲ್ಲಿ 4060 ಸಿಗುವುದು 90 ವ್ಯಾಟ್‌ಗೆ. ನನಗೆ ಅದು ಕಡಿಮೆ ಅನಿಸಿಲ್ಲ.

ಎರಡನೆಯದು ವಿಡಿಯೋ ಮೆಮೊರಿ. 4050ರಲ್ಲಿ 6 ಜಿಬಿ, 4060ರಲ್ಲಿ 8 ಜಿಬಿ. ಲ್ಯಾಪ್‌ಟಾಪಿನ 4070ರಲ್ಲೂ ಅದೇ 8 ಜಿಬಿ! ಹೊಸ ಸಾಲಿನಲ್ಲಿ 5060 ಮತ್ತು 5070 ಎರಡಕ್ಕೂ 8 ಜಿಬಿ, 5070 ಟಿಐಗೆ ಹೋದರೆ 12. ತೆಳ್ಳಗಿನ 14 ಇಂಚಿನಲ್ಲಿ 4060ರಿಂದ 4070ಕ್ಕೆ, 5060ರಿಂದ 5070ಕ್ಕೆ ಏರಲು ಕೊಡುವ ದುಡ್ಡು ನನ್ನ ಲೆಕ್ಕದಲ್ಲಿ ದಂಡ. ಆ ದುಡ್ಡನ್ನು ತೆರೆದಿಟ್ಟ ಪ್ರೋಗ್ರಾಮುಗಳನ್ನು ಹಿಡಿದಿಡುವ ಮೆಮೊರಿಗೆ, ಅಂದರೆ ರ್‍ಯಾಮ್‌ಗೆ ಹಾಕಿ.

ರ್‍ಯಾಮ್ 16 ಸಾಕಾ? ಆಮೇಲೆ ಹಾಕಿಸಿಕೊಂಡರೆ ಆಗಲ್ವಾ?

ದಪ್ಪ ಲ್ಯಾಪ್‌ಟಾಪುಗಳಲ್ಲಿ ಆಗುತ್ತದೆ. ಲೆನೊವೊ ಎಲ್‌ಒಕ್ಯೂ, ಎಚ್‌ಪಿ ವಿಕ್ಟಸ್ ತರಹದವುಗಳಲ್ಲಿ ಸಾಮಾನ್ಯವಾಗಿ ಎರಡು ಸ್ಲಾಟ್ ಇರುತ್ತವೆ. ತೆಳ್ಳಗಿನ 14 ಇಂಚಿನವುಗಳಲ್ಲಿ ಬಹುತೇಕ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿ ಬಂದಿರುತ್ತದೆ. ಏಸುಸ್ ಝೆಫೈರಸ್ ಜಿ14ರಲ್ಲಿ 2024ರಿಂದ ಪೂರ್ತಿ ಹಾಗೇ. ಕೊಳ್ಳುವ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ನಾನು 16 ತಗೊಂಡೆ, 32 ತಗೊಳ್ಳಬೇಕಿತ್ತು ಅಂತ ಈಗ ಅನಿಸುತ್ತದೆ, ಯಾಕೆಂದರೆ ಒಂದು ಕಡೆ ಗೇಮ್, ಇನ್ನೊಂದು ಕಡೆ ಬ್ರೌಸರ್, ಗೆಳೆಯರ ಜತೆ ಮಾತಾಡಲು ಡಿಸ್ಕಾರ್ಡ್ ಎಲ್ಲಾ ತೆರೆದಿಟ್ಟರೆ 16 ತುಂಬಿಯೇ ಬಿಡುತ್ತದೆ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಜೋರಾಗಿ ಏರಿದೆ. ಹಾಗಾಗಿ 32 ಜಿಬಿಯ ಮಾಡೆಲ್ ಕೈಗೆಟುಕುವ ಬೆಲೆಗೆ ಕಂಡರೆ ಬಿಡಬೇಡಿ.

ಗೇಮ್, ಫೈಲ್ ಉಳಿಯುವ ಎಸ್‌ಎಸ್‌ಡಿಗೆ ಇಷ್ಟು ಚಿಂತೆ ಬೇಡ, ಅದನ್ನು ಬದಲಾಯಿಸಬಹುದು. ಆದರೆ 512 ಜಿಬಿ ಸಾಲುವುದಿಲ್ಲ. ಬಾಲ್ಡರ್ಸ್ ಗೇಟ್ 3 ಒಂದಕ್ಕೇ 150 ಜಿಬಿ, ರೆಡ್ ಡೆಡ್ ರಿಡೆಂಪ್ಷನ್ 2ಕ್ಕೂ 150. ಮನೆಯಲ್ಲಾದರೆ ಅಳಿಸಿ ಮತ್ತೆ ಇಳಿಸಿಕೊಳ್ಳಬಹುದು. ಗೆಸ್ಟ್ ಹೌಸಿನ ವೈಫೈಯಲ್ಲಿ 150 ಜಿಬಿ ಇಳಿಸಲು ಕೂತರೆ ನಿಮ್ಮ ರಜೆಯೇ ಮುಗಿಯುತ್ತದೆ. 1 ಟಿಬಿ ಇರಲಿ.

ಬ್ಯಾಟರಿಯಲ್ಲಿ ಎಷ್ಟು ಹೊತ್ತು ಆಡಬಹುದು?

ಇದಕ್ಕೆ ನೀವೇ ಲೆಕ್ಕ ಹಾಕಬಹುದು. ಬ್ಯಾಟರಿಯ ಮೇಲೆ ವ್ಯಾಟ್-ಅವರ್ ಅಂತ ಒಂದು ಸಂಖ್ಯೆ ಇರುತ್ತದೆ, ಅದು ಹಿಡಿಯುವ ಶಕ್ತಿಯ ಅಳತೆ. 14 ಇಂಚಿನವುಗಳಲ್ಲಿ ಸಾಮಾನ್ಯವಾಗಿ 70ರಿಂದ 76. ದೊಡ್ಡ ಗೇಮ್ ಓಡುವಾಗ ಲ್ಯಾಪ್‌ಟಾಪ್ ಒಟ್ಟು 60, 70 ವ್ಯಾಟ್ ಎಳೆಯುತ್ತದೆ. ಭಾಗಿಸಿ ನೋಡಿ, ಒಂದು ಗಂಟೆ ಚಿಲ್ಲರೆ. ಬ್ಯಾಟರಿಯಲ್ಲಿ ಇದ್ದಾಗ ಗ್ರಾಫಿಕ್ಸ್ ಚಿಪ್ಪಿಗೆ ಪೂರ್ತಿ ಶಕ್ತಿ ಕೊಡುವುದೂ ಇಲ್ಲ, ಫ್ರೇಮ್ ಬೀಳುತ್ತದೆ. ಜಾಹೀರಾತಿನಲ್ಲಿ ಹೇಳುವ 10 ಗಂಟೆ ವಿಡಿಯೋ ನೋಡುವಾಗಿನದು.

ಆದರೆ ಸಣ್ಣ ಗೇಮ್‌ಗಳ ಕತೆ ಬೇರೆ. ಸ್ಟಾರ್‌ಡ್ಯೂ ವ್ಯಾಲಿ, ಹೇಡಿಸ್ ತರಹದವನ್ನು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮೇಲೇ ಓಡಿಸಿ. ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್ಪ್ಲೇ, ಗ್ರಾಫಿಕ್ಸ್ ವಿಭಾಗದಲ್ಲಿ ಆ ಗೇಮಿಗೆ ಪವರ್ ಸೇವಿಂಗ್ ಅಂತ ಆರಿಸಿದರಾಯಿತು. ಸ್ಕ್ರೀನಿನ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಅನ್ನುವುದು) 60ಕ್ಕೆ ಇಳಿಸಿ, ಕೀಬೋರ್ಡ್ ದೀಪ ಆರಿಸಿ. ಆಗ 20, 25 ವ್ಯಾಟಿನಲ್ಲಿ ಮುಗಿಯುತ್ತದೆ, ಮೂರು ಗಂಟೆ ಆರಾಮ. ಕಲ್ಯಾಣದಿಂದ ಪುಣೆ ಬರುವಷ್ಟು ಹೊತ್ತು.

ಟೈಪ್-ಸಿ ಚಾರ್ಜಿಂಗ್ ಇರಲೇಬೇಕಾ?

ತಿರುಗುವವರಿಗೆ ಇರಲೇಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. 100 ವ್ಯಾಟಿನ ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಬಳಸಿದ ಪುಟ್ಟ) ಚಾರ್ಜರ್ ಅಂಗೈಯಲ್ಲಿ ಕೂರುತ್ತದೆ, ತೂಕ ಸುಮಾರು 200 ಗ್ರಾಂ. ಲ್ಯಾಪ್‌ಟಾಪ್, ಫೋನ್, ಇಯರ್‌ಫೋನ್ ಎಲ್ಲದಕ್ಕೂ ಅದೇ ಒಂದು. ಆಫೀಸ್ ಕೆಲಸಕ್ಕೆ, ಸಿನಿಮಾಕ್ಕೆ, ಸಣ್ಣ ಗೇಮಿಗೆ ಅದು ಧಾರಾಳ. ದೊಡ್ಡ ಗೇಮ್ ಆಡಿದರೆ 100 ವ್ಯಾಟ್ ಸಾಲದೆ ಬ್ಯಾಟರಿಯಿಂದಲೂ ಸ್ವಲ್ಪ ಎಳೆಯುತ್ತದೆ, ವೇಗವೂ ಇಳಿಯುತ್ತದೆ. ಎರಡು ರಾತ್ರಿಯ ಪ್ರಯಾಣಕ್ಕೆ ನಾನು ಅದನ್ನು ಒಪ್ಪಿಕೊಳ್ಳುತ್ತೇನೆ.

ಎರಡು ವಿಷಯ ನೋಡಿಕೊಳ್ಳಿ. ಟೈಪ್-ಸಿ ತೂತು ಇದೆ ಅಂದ ಮಾತ್ರಕ್ಕೆ ಅದರಿಂದ ಚಾರ್ಜ್ ಆಗುತ್ತದೆ ಅಂತ ಇಲ್ಲ. ಸ್ಪೆಕ್‌ನಲ್ಲಿ ಪವರ್ ಡೆಲಿವರಿ ಅಂತ ಸ್ಪಷ್ಟವಾಗಿ ಇರಬೇಕು. ಇನ್ನೊಂದು, ಕೇಬಲ್. 60 ವ್ಯಾಟ್ ದಾಟಬೇಕಾದರೆ 5 ಆಂಪಿಯರ್‌ನ, ಎಷ್ಟು ಕರೆಂಟ್ ತಡೆಯುತ್ತೇನೆ ಅಂತ ಚಾರ್ಜರಿಗೆ ತಿಳಿಸುವ ಇ-ಮಾರ್ಕರ್ ಚಿಪ್ ಒಳಗೆ ಇರುವ ಕೇಬಲ್ಲೇ ಬೇಕು. ಫೋನಿನ ಜತೆ ಬಂದ ಮಾಮೂಲಿ ಕೇಬಲ್ ಹಾಕಿ "ಚಾರ್ಜ್ ನಿಧಾನ" ಅಂತ ಗೆಳೆಯನೊಬ್ಬ ಎರಡು ತಿಂಗಳು ಒದ್ದಾಡಿದ. ಚಾರ್ಜರ್ ಸರಿಯಾಗೇ ಇತ್ತು.

ಊರಿಗೆ ಆಗಾಗ ಹೋಗುವವರಿಗೆ ಇನ್ನೊಂದು ಮಾತು. ನಾನು ಒರಿಜಿನಲ್ ಅಡಾಪ್ಟರ್ ಇನ್ನೊಂದು ಕೊಂಡು ಕುಮಟಾ ಮನೆಯಲ್ಲೇ ಬಿಟ್ಟಿದ್ದೇನೆ. ಅಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿರುತ್ತಾಳೆ. ದಾರಿಯಲ್ಲಿ ಸಣ್ಣ ಚಾರ್ಜರ್, ಮನೆ ಸೇರಿದ ಮೇಲೆ ದೊಡ್ಡದು. ಇಷ್ಟು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಖರ್ಚು ಅದು.

ರೈಲಿನ ಪಾಯಿಂಟಿಗೆ ದೊಡ್ಡ ಅಡಾಪ್ಟರ್ ಹಾಕಬಹುದಾ?

ಬೇಡ. ನಮ್ಮ ಎಷ್ಟೋ ಬೋಗಿಗಳಲ್ಲಿ ಆ ಪಾಯಿಂಟ್ ಇರುವುದು 110 ವೋಲ್ಟಿನದು. ಲ್ಯಾಪ್‌ಟಾಪ್ ಅಡಾಪ್ಟರ್ 100ರಿಂದ 240ರವರೆಗೆ ತಡೆದುಕೊಳ್ಳುತ್ತದೆ, ಅದಕ್ಕೇನೂ ಆಗುವುದಿಲ್ಲ. ಆದರೆ ಆ ಲೈನ್ ಮಾಡಿರುವುದು ಫೋನಿಗೆ, ಮಾಮೂಲಿ ಲ್ಯಾಪ್‌ಟಾಪಿಗೆ. ಅದರ ಮೇಲೆ 180, 240 ವ್ಯಾಟ್ ಭಾರ ಹಾಕಿ ಅದು ಟ್ರಿಪ್ ಆದರೆ ಸುತ್ತಲಿನವರ ಫೋನೆಲ್ಲ ಸಾಯುತ್ತದೆ. ವಯಸ್ಸಾದವರು, ಮಕ್ಕಳನ್ನು ಕರೆದುಕೊಂಡು ಹೋಗುವವರು ಇರುತ್ತಾರೆ, ಅವರಿಗೆ ಫೋನ್ ಬೇಕು.

ಇನ್ನೊಂದು, ಬೆಂಕಿ ಅನಾಹುತ ತಪ್ಪಿಸಲು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟ್‌ಗಳ ಕರೆಂಟ್ ತೆಗೆಯುವ ಕ್ರಮವನ್ನು ರೈಲ್ವೆಯವರು 2021ರಲ್ಲಿ ಬಿಗಿ ಮಾಡಿದರು. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗೆ ಥಾಣೆಯಲ್ಲಿ ಮಧ್ಯಾಹ್ನ ಹತ್ತಿ ನಸುಕಿನಲ್ಲಿ ಇಳಿಯುವ ನಮ್ಮಂಥವರು ರತ್ನಾಗಿರಿ ಬರುವುದರೊಳಗೆ ಚಾರ್ಜ್ ಮುಗಿಸಿಕೊಳ್ಳುವುದು ಒಳ್ಳೆಯದು.

ವಿಮಾನದಲ್ಲಿ ಏನಾದರೂ ತೊಂದರೆ ಇದೆಯಾ?

ಬ್ಯಾಟರಿ 100 ವ್ಯಾಟ್-ಅವರ್ ಒಳಗಿದ್ದರೆ ಇಲ್ಲ. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ದೊಡ್ಡ ಗೇಮಿಂಗ್ ಲ್ಯಾಪ್‌ಟಾಪುಗಳ ಬ್ಯಾಟರಿ 99ಕ್ಕೆ ಬಂದು ನಿಲ್ಲುವುದು ಇದೇ ಕಾರಣಕ್ಕೆ. ಲ್ಯಾಪ್‌ಟಾಪ್ ಕೈಚೀಲದಲ್ಲೇ ಇರಲಿ, ಪವರ್ ಬ್ಯಾಂಕ್ ಅಂತೂ ಕೈಚೀಲದಲ್ಲೇ ಇರಬೇಕು. ಕೆಳಗೆ ಕಳಿಸುವ ಸಾಮಾನಿನಲ್ಲಿ ಬಿಡುವುದಿಲ್ಲ. ಕೈಚೀಲಕ್ಕೆ ಒಳನಾಡಿನ ವಿಮಾನಗಳಲ್ಲಿ ಸಾಮಾನ್ಯವಾಗಿ 7 ಕೆಜಿ ಮಿತಿ. ಮೂರೂವರೆ ಕೆಜಿ ಲ್ಯಾಪ್‌ಟಾಪಿಗೇ ಹೋದರೆ ಬಟ್ಟೆ ಎಲ್ಲಿ ಇಡುತ್ತೀರಿ?

ಪವರ್ ಬ್ಯಾಂಕ್ ಎಷ್ಟು ದೊಡ್ಡದು ಬೇಕು?

ಅದರ ಮೇಲೆ ಬರೆದ ಎಂಎಎಚ್ (ಸಾಮರ್ಥ್ಯದ) ಸಂಖ್ಯೆಯನ್ನು 3.7ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ. 20,000 ಅಂದರೆ 74 ವ್ಯಾಟ್-ಅವರ್, 27,000 ಅಂದರೆ 99.9. ಅಲ್ಲಿಗೆ ವಿಮಾನದ ಮಿತಿ ಮುಗಿಯಿತು. ಔಟ್‌ಪುಟ್ 65 ವ್ಯಾಟ್ ಆದರೂ ಇರಬೇಕು, 100 ಇದ್ದರೆ ಚೆನ್ನ. 22 ವ್ಯಾಟಿನ ಫೋನ್ ಪವರ್ ಬ್ಯಾಂಕಿಗೆ ಹಚ್ಚಿದರೆ ಎಷ್ಟೋ ಲ್ಯಾಪ್‌ಟಾಪುಗಳು ಚಾರ್ಜೇ ತಗೊಳ್ಳುವುದಿಲ್ಲ. ಇದು ಅರ್ಧ ಕೆಜಿ ಹತ್ತಿರ ತೂಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾನು ಒಯ್ಯುವುದು ಊರಿಗೆ ಹೋಗುವಾಗ ಮಾತ್ರ.

ಆಫೀಸ್ ಲ್ಯಾಪ್‌ಟಾಪ್ ಹೇಗೂ ಬ್ಯಾಗಲ್ಲಿ ಇರುತ್ತದೆ. ಎರಡೆರಡು ಹೊರಬೇಕಾ?

ಹಿಂಜವಡಿ, ನವಿ ಮುಂಬೈಯ ಐರೋಲಿ ಕಡೆಯ ಎಲ್ಲರ ಸಂಕಟ ಇದು. ಆಫೀಸ್ ಲ್ಯಾಪ್‌ಟಾಪಿನಲ್ಲಿ ಗೇಮ್ ಹಾಕುವಂತಿಲ್ಲ, ಹಾಕಲೂಬಾರದು. ಅದನ್ನು ಮನೆಯಲ್ಲಿ ಬಿಟ್ಟು ಹೋಗುವಂತೆಯೂ ಇಲ್ಲ. ಅದು ಒಂದೂವರೆ ಕೆಜಿ, ಅದರ ಚಾರ್ಜರ್ ಬೇರೆ. ಅದರ ಮೇಲೆ ಗೇಮಿಂಗ್ ಲ್ಯಾಪ್‌ಟಾಪ್ ಅಂದರೆ ಯಾರ ಬೆನ್ನೂ ತಡೆಯುವುದಿಲ್ಲ.

ನಿಮ್ಮದು ಈ ಪರಿಸ್ಥಿತಿ ಆಗಿದ್ದರೆ ಲ್ಯಾಪ್‌ಟಾಪ್ ಯೋಚನೆಯನ್ನೇ ಬಿಟ್ಟು ಕೈಯಲ್ಲಿ ಹಿಡಿಯುವ ಗೇಮಿಂಗ್ ಪಿಸಿ ನೋಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. 2023ರಲ್ಲಿ ಬಂದ ಏಸುಸ್ ಆರ್‌ಒಜಿ ಆಲೈ 608 ಗ್ರಾಂ. ಆಮೇಲೆ ಬಂದ ಆಲೈ ಎಕ್ಸ್ 678 ಗ್ರಾಂ, ಬ್ಯಾಟರಿ ಮಾತ್ರ 40ರಿಂದ 80 ವ್ಯಾಟ್-ಅವರ್‌ಗೆ, ಅಂದರೆ ಎರಡು ಪಟ್ಟು. ಲೆನೊವೊ ಲೀಜನ್ ಗೋ ಕಂಟ್ರೋಲರ್ ಸೇರಿ 854 ಗ್ರಾಂ, ಸ್ಕ್ರೀನ್ ದೊಡ್ಡದು. ಇವೆಲ್ಲ ವಿಂಡೋಸ್ ಮೇಲೆ ಓಡುತ್ತವೆ, ಟೈಪ್-ಸಿಯಲ್ಲೇ ಚಾರ್ಜ್ ಆಗುತ್ತವೆ, ಆಫೀಸ್ ಚಾರ್ಜರ್ 65 ವ್ಯಾಟಿನ ಟೈಪ್-ಸಿ ಆಗಿದ್ದರೆ ಅದೇ ಸಾಕು. ಮೇಲಿನ ಬರ್ತಿನಲ್ಲಿ ಮಲಗಿ ಆಡಬಹುದು, ಮೇಜು ಬೇಡ. ವಾಲ್ವ್ ಕಂಪನಿಯ ಇಂಥದ್ದೇ ಸ್ಟೀಮ್ ಡೆಕ್ ಬಗ್ಗೆ ಕೇಳುವವರು ತುಂಬಾ ಜನ. ವಸ್ತು ಒಳ್ಳೆಯದು, ಆದರೆ ವಾಲ್ವ್‌ನವರು ಅದನ್ನು ಭಾರತಕ್ಕೆ ಅಧಿಕೃತವಾಗಿ ತಂದಿಲ್ಲ. ಇಲ್ಲಿ ಸಿಗುವುದು ಹೊರಗಿನಿಂದ ತಂದದ್ದು, ಕೆಟ್ಟರೆ ಕೇಳುವವರಿಲ್ಲ.

ಮೌಸ್ ಇಲ್ಲದೆ ಆಗದ ಗೇಮ್ ನಿಮ್ಮದಾದರೆ, ವ್ಯಾಲೊರಂಟ್, ಸಿಎಸ್ 2 ತರಹದ ಗುರಿಯಿಟ್ಟು ಗುಂಡು ಹೊಡೆಯುವ ಆಟ, ಇದು ನಿಮಗಲ್ಲ.

ಪ್ರಯಾಣದಲ್ಲಿ ಆನ್‌ಲೈನ್ ಗೇಮ್ ನಡೆಯುತ್ತದಾ?

ಕೋಣೆಯಲ್ಲಿ ನಡೆಯುತ್ತದೆ. ವ್ಯಾಲೊರಂಟ್‌ಗೆ, ಸಿಎಸ್ 2ಗೆ ಮುಂಬೈಯಲ್ಲೇ ಸರ್ವರ್ ಇರುವುದರಿಂದ ಪುಣೆ, ಗೋವಾದಲ್ಲಿ ಒಳ್ಳೆಯ ಫೈಬರ್ ಇದ್ದರೆ ಪಿಂಗ್ (ಸರ್ವರ್ ಉತ್ತರಿಸಲು ಹಿಡಿಯುವ ಹೊತ್ತು) ಚೆನ್ನಾಗೇ ಬರುತ್ತದೆ. ದಾರಿಯಲ್ಲಿ ಮರೆತುಬಿಡಿ. ಕರ್ಜತ್ ದಾಟಿ ಘಾಟಿ ಹತ್ತಿದರೆ ಸುರಂಗ, ನೆಟ್ ಹೋಗುತ್ತದೆ. ಕೊಂಕಣ ರೈಲ್ವೆಯಲ್ಲಿ 90ಕ್ಕೂ ಹೆಚ್ಚು ಸುರಂಗ, ರತ್ನಾಗಿರಿ ಹತ್ತಿರದ ಕರ್ಬುಡೆ ಒಂದೇ ಆರೂವರೆ ಕಿಲೋಮೀಟರ್. ವಾಸ್ಕೋ ಕಡೆಯಿಂದ ಹುಬ್ಬಳ್ಳಿಗೆ ಹೋಗುವಾಗ ಕುಳೆಂ ಬಿಟ್ಟು ಕ್ಯಾಸಲ್‌ರಾಕ್ ಬರುವವರೆಗೂ ಅದೇ ಕತೆ. ಆಟದ ನಡುವೆ ನೆಟ್ ಕೈಕೊಟ್ಟರೆ ನಿಮ್ಮ ತಂಡದ ನಾಲ್ವರಿಗೂ ಆಟ ಕೆಡುತ್ತದೆ. ಹೊರಡುವ ಹಿಂದಿನ ರಾತ್ರಿ ಬೇಕಾದ ಗೇಮನ್ನು ಒಮ್ಮೆ ನೆಟ್ ಇದ್ದಾಗ ತೆರೆದು, ಅಪ್‌ಡೇಟ್ ಮುಗಿಸಿ, ಆಮೇಲೆ ಗೇಮ್ ಕೊಂಡು ಓಡಿಸುವ ಸ್ಟೀಮ್ ಆ್ಯಪನ್ನು ಆಫ್‌ಲೈನ್ ಮೋಡಿಗೆ ಹಾಕಿ.

ತುಂಬಾ ಬಿಸಿ ಆಗುತ್ತದೆ, ಫ್ಯಾನ್ ಶಬ್ದ ಜಾಸ್ತಿ. ಕೆಟ್ಟಿದೆಯಾ?

ಬಹುತೇಕ ಇಲ್ಲ. ಗೇಮ್ ಓಡುವಾಗ ಪ್ರೊಸೆಸರ್ 90 ಡಿಗ್ರಿ ಮುಟ್ಟುವುದು ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಮಾಮೂಲಿ, ಮಿತಿ ದಾಟುವ ಮೊದಲು ಅದೇ ವೇಗ ಇಳಿಸಿಕೊಳ್ಳುತ್ತದೆ. ಆದರೆ ರೈಲಿನ ಕಂಬಳಿಯ ಮೇಲೆ, ಹಾಸಿಗೆ ಮೇಲೆ ಇಟ್ಟು ಆಡಬೇಡಿ. ಗಾಳಿ ಎಳೆಯುವ ತೂತು ಅಡಿಯಲ್ಲೇ ಇರುತ್ತದೆ. ಒಂದು ದಪ್ಪ ರಟ್ಟು ಅಥವಾ ಪರೀಕ್ಷೆಗೆ ಒಯ್ಯುವ ಪ್ಯಾಡ್ ಅಡಿಗಿಟ್ಟರೂ ಸಾಕು. ರಾತ್ರಿ ಬೋಗಿಯಲ್ಲಿ ಸೈಲೆಂಟ್ ಮೋಡ್ ಹಾಕಿ, ಇಯರ್‌ಫೋನ್ ಹಾಕಿ. ನೀವು ಇಯರ್‌ಫೋನ್ ಹಾಕಿದರೂ ಫ್ಯಾನ್ ಶಬ್ದ ಪಕ್ಕದವರಿಗೆ ಕೇಳುತ್ತದೆ.

ಗೋವಾದ ಉಪ್ಪು ಗಾಳಿ, ಮಳೆಗಾಲ. ಏನು ಎಚ್ಚರ ವಹಿಸಬೇಕು?

ಅಕ್ಕನ ಮನೆ ಸಮುದ್ರಕ್ಕೆ ಹತ್ತಿರ, ಅಲ್ಲಿ ಕಿಟಕಿಯ ಚಿಲಕವೇ ಎರಡು ವರ್ಷಕ್ಕೆ ತುಕ್ಕು ಹಿಡಿಯುತ್ತದೆ. ಲ್ಯಾಪ್‌ಟಾಪಿನ ಫ್ಯಾನ್ ಅದೇ ಗಾಳಿಯನ್ನು ಒಳಗೆ ಎಳೆಯುತ್ತದೆ. ತೆರೆದ ಕಿಟಕಿ ಪಕ್ಕ ಗಂಟೆಗಟ್ಟಲೆ ಆಡಬೇಡಿ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಿ, ತಿಂಗಳಿಗೊಮ್ಮೆ ಬದಲಾಯಿಸಿ. ಬೀಚಿಗೆ ಒಯ್ಯಲೇಬೇಡಿ, ಮರಳಿನ ಒಂದು ಕಣ ಫ್ಯಾನಿಗೆ ಹೋದರೂ ಕರಕರ ಶುರು.

ಜನರಿಗೆ ಗೊತ್ತಿಲ್ಲದ ಇನ್ನೊಂದಿದೆ. ಎಸಿ ಬೋಗಿಯಲ್ಲಿ ರಾತ್ರಿಯಿಡೀ ತಣ್ಣಗಾದ ಲ್ಯಾಪ್‌ಟಾಪನ್ನು ಮಡಗಾಂವ್‌ನಲ್ಲೋ ಕುಮಟಾದಲ್ಲೋ ಇಳಿದು ಕೂಡಲೇ ತೆರೆದರೆ, ಹೊರಗಿನ ತೇವದ ಗಾಳಿ ಅದರ ಮೇಲೆ ನೀರಾಗಿ ಕೂರುತ್ತದೆ, ತಣ್ಣನೆ ಲೋಟದ ಹೊರಗೆ ಹನಿ ಮೂಡುವ ಹಾಗೆ. ಒಳಗಿನ ಬೋರ್ಡಿನ ಮೇಲೂ ಅದೇ ಆಗುತ್ತದೆ. ಬ್ಯಾಗಿನ ಜಿಪ್ ಹಾಕಿಯೇ ಅರ್ಧ ಗಂಟೆ ಬಿಡಿ. ಮನೆಗೆ ಹೋಗಿ ಚಾ ಕುಡಿದ ಮೇಲೆ ತೆಗೆದರಾಯಿತು.

ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ, ಶಾಕ್ ಹೊಡೆಯುತ್ತದಾ?

ಲೋಹದ ಮೈ ಇರುವ ಲ್ಯಾಪ್‌ಟಾಪುಗಳಲ್ಲಿ, ಅರ್ಥಿಂಗ್ ಸರಿ ಇಲ್ಲದ ಪ್ಲಗ್ಗಿಗೆ ಹಾಕಿದಾಗ ಹೀಗಾಗುತ್ತದೆ. ಅಡಾಪ್ಟರಿನಿಂದ ಬರುವ ಅತಿ ಸಣ್ಣ ಸೋರಿಕೆ ಭೂಮಿಗೆ ಹೋಗಲು ದಾರಿ ಸಿಗದೆ ಮೈಮೇಲೆ ಉಳಿಯುತ್ತದೆ. ಸಾಮಾನ್ಯವಾಗಿ ಅಪಾಯ ಇಲ್ಲ. ಹಳೇ ಲಾಡ್ಜ್‌ಗಳಲ್ಲಿ, ಹಳೇ ಮನೆಗಳಲ್ಲಿ ಜಾಸ್ತಿ. ಮೂರು ಪಿನ್ನಿನ ಅಡಾಪ್ಟರಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕುವುದನ್ನು ಬಿಡಿ. ಜುಮ್ ಅನ್ನುವುದರ ಬದಲು ಜೋರಾಗಿ ಹೊಡೆದರೆ ಆ ಪ್ಲಗ್ ಬಳಸಬೇಡಿ, ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ. ಊರಿನಲ್ಲಿ ಮಳೆಗಾಲದ ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ, ಬ್ಯಾಟರಿ ಇದೆಯಲ್ಲ.

ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಒಡೆಯಲ್ವಾ?

ಒಡೆಯುತ್ತದೆ. ನನ್ನದು ಒಡೆದಿದೆ. ಮೊದಲ ಲ್ಯಾಪ್‌ಟಾಪಿನ ಮುಚ್ಚಳ ಪ್ಲಾಸ್ಟಿಕ್, ಬೆರಳಲ್ಲಿ ಒತ್ತಿದರೆ ಬಾಗುತ್ತಿತ್ತು. ಒಂದು ಸಂಜೆ ಠಾಕುರ್ಲಿ ದಾಟುವಾಗ ಯಾರದೋ ಮೊಣಕೈ ಬ್ಯಾಗಿಗೆ ಒತ್ತಿತು, ಮನೆಗೆ ಬಂದು ತೆರೆದರೆ ಸ್ಕ್ರೀನಿನಲ್ಲಿ ಮೇಲಿಂದ ಕೆಳಗೆ ಹಸಿರು ಗೆರೆ. ಸರ್ವಿಸ್ ಸೆಂಟರಿನಲ್ಲಿ ಇದು ವಾರಂಟಿಗೆ ಬರುವುದಿಲ್ಲ, ಒತ್ತಡದಿಂದ ಆದದ್ದು ಅಂದರು. ವಾರಂಟಿಯ ಮಾತು ನಿಜವೇ. ಆದರೆ ಕೊಳ್ಳುವಾಗ ಅಪಘಾತದ ರಕ್ಷಣೆ ಅಂತ ಬೇರೆ ಪ್ಯಾಕ್ ಇದೆ ಅಂತ ಅಂಗಡಿಯಲ್ಲಿ ಒಬ್ಬರೂ ಹೇಳಿರಲಿಲ್ಲ, ಅದು ನನಗೆ ಇವತ್ತಿಗೂ ಬೇಜಾರು. ನೀವು ಕೇಳಿ ತಗೊಳ್ಳಿ. ಲೋಹದ ಮುಚ್ಚಳ ಇರುವುದನ್ನೇ ನೋಡಿ. ಬ್ಯಾಗಿನಲ್ಲಿ ಸ್ಕ್ರೀನಿನ ಕಡೆ ನಿಮ್ಮ ಎದೆಗೆ ಬರುವ ಹಾಗೆ ಇಡಿ, ಅಡಾಪ್ಟರನ್ನು ಅದರ ಪಕ್ಕ ತುರುಕಬೇಡಿ.

ಎಲ್ಲಿ ಕೊಳ್ಳಲಿ? ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಆನ್‌ಲೈನ್ ಬೆಲೆ ನೋಡಿಕೊಂಡು ಒಮ್ಮೆ ಗ್ರ್ಯಾಂಟ್ ರೋಡ್ ಸ್ಟೇಷನ್ನಿಗೆ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಬನ್ನಿ. ಭಾನುವಾರ ಬೇಡ, ಬಹುತೇಕ ಅಂಗಡಿ ಮುಚ್ಚಿರುತ್ತವೆ. ಸೀಲ್ ನಿಮ್ಮೆದುರೇ ಬಿಚ್ಚಿಸಿ, ಜಿಎಸ್‌ಟಿ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ, ವಾರಂಟಿ ಕೇಳುವ ದಿನ ಅದೇ ಬೇಕು.

ಸೆಕೆಂಡ್ ಹ್ಯಾಂಡ್ ಆದರೆ ಮೊದಲು ಬ್ಯಾಟರಿ ನೋಡಿ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಸೌಲಭ್ಯ ಇದೆ. ಹುಟ್ಟಿದಾಗಿನ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಬರುತ್ತವೆ. 76 ಇದ್ದದ್ದು 50ಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡು ಕಳೆದು ಬೆಲೆ ಮಾತಾಡಿ. ಆಮೇಲೆ ಅಲ್ಲೇ ಒಂದು ಗೇಮ್ 20 ನಿಮಿಷ ಓಡಿಸಿ. ಮೊದಲ ಐದು ನಿಮಿಷ ಎಲ್ಲವೂ ಚೆನ್ನಾಗೇ ಓಡುತ್ತವೆ.

ಅಣ್ಣಾ, ನನ್ನ ಬಜೆಟ್ 80 ಸಾವಿರ. ವಾಸ್ಕೋದಿಂದ ಹುಬ್ಬಳ್ಳಿ ಹಾಸ್ಟೆಲ್‌ಗೆ ಹೋಗುತ್ತಿದ್ದೇನೆ. 14 ಇಂಚು ಸಿಗುತ್ತದಾ?

ತಮ್ಮಾ, ನಿನಗೆ ಅದು ಬೇಡ. ಹಗುರ ಅನ್ನುವುದಕ್ಕೇ ಕಂಪನಿಗಳು ಜಾಸ್ತಿ ದುಡ್ಡು ಕೀಳುತ್ತವೆ, ಒಳ್ಳೆಯ 14 ಇಂಚು ಒಂದೂವರೆ ಲಕ್ಷದ ಹತ್ತಿರ ಹೋಗುತ್ತದೆ. ನೀನು ಮನೆಗೆ ಬರುವುದು ವರ್ಷಕ್ಕೆ ನಾಲ್ಕು ಸಲ. ನಾಲ್ಕು ಸಲಕ್ಕೋಸ್ಕರ ಅಪ್ಪನ ಹತ್ತಿರ ಅಷ್ಟು ಕೇಳಬೇಡ. ಎಲ್‌ಒಕ್ಯೂ, ವಿಕ್ಟಸ್ ತರಹದ 15 ಇಂಚಿನದು ನೋಡು, ರ್‍ಯಾಮ್ ಸ್ಲಾಟ್ ಎರಡಿದೆಯಾ ಅಂತ ಕೇಳು, ಸ್ಕ್ರೀನಿಗೆ 100 ಪರ್ಸೆಂಟ್ ಎಸ್‌ಆರ್‌ಜಿಬಿ ಇದೆಯಾ, ಅಂದರೆ ಬಣ್ಣ ಪೂರ್ತಿ ಬರುತ್ತದಾ ನೋಡು. ಕ್ಲಾಸಿಗೆ ದಿನಾ ಒಯ್ಯಬೇಕು ಅಂದರೆ ಮಾತ್ರ ಇನ್ನೊಮ್ಮೆ ಯೋಚಿಸೋಣ, ಫೋನ್ ಮಾಡು.

ಹಾಗಾದರೆ ದಿನಾ ತಿರುಗುವವರಿಗೆ ಯಾವ ಮಾಡೆಲ್?

ಏಸುಸ್ ಝೆಫೈರಸ್ ಜಿ14, ಏಸುಸ್ ಟಫ್ ಎ14, ಎಚ್‌ಪಿ ಓಮೆನ್ ಟ್ರಾನ್ಸೆಂಡ್ 14. ಮೊದಲನೆಯದು ಒಂದೂವರೆ ಕೆಜಿ, ಸ್ಕ್ರೀನ್ ಒಎಲ್‌ಇಡಿ, ಬೆಲೆ ಜಾಸ್ತಿ. ಟಫ್ ಎ14 1.46 ಕೆಜಿ, ಅದೇ ಗಾತ್ರದ ಬ್ಯಾಟರಿ, ಸ್ಕ್ರೀನ್ ಅಷ್ಟು ಸೊಗಸಿಲ್ಲ, ಆದರೆ ದುಡ್ಡಿಗೆ ಮೋಸ ಇಲ್ಲ. ಓಮೆನ್ 1.63 ಕೆಜಿ, ಅದರ ಸ್ವಂತ ಅಡಾಪ್ಟರೇ 140 ವ್ಯಾಟಿನ ಟೈಪ್-ಸಿ, ಇದು ನನಗೆ ತುಂಬಾ ಹಿಡಿಸಿದ ವಿಷಯ. ಮೂರರಲ್ಲೂ ರ್‍ಯಾಮ್ ಬೆಸುಗೆ ಹಾಕಿದ್ದೇ. ಪ್ರತಿ ವರ್ಷ ಹೊಸ ಚಿಪ್ಪಿನ ಆವೃತ್ತಿ ಬರುತ್ತದೆ. ಗಣಪತಿ ಹಬ್ಬದಿಂದ ದೀಪಾವಳಿಯೊಳಗೆ ಹಿಂದಿನ ವರ್ಷದ್ದನ್ನು ರಿಯಾಯಿತಿಯಲ್ಲಿ ಕೊಡುತ್ತಾರೆ, ಆಗ ಕಣ್ಣಿಡಿ.

ನಿಮ್ಮ ಬ್ಯಾಗಿನಲ್ಲಿ ಈಗ ಏನಿದೆ?

2024ರ ಜಿ14, 100 ವ್ಯಾಟಿನ ಸಣ್ಣ ಚಾರ್ಜರ್, ಇ-ಮಾರ್ಕರ್ ಇರುವ ಎರಡು ಮೀಟರ್ ಕೇಬಲ್, ಡಾಂಗಲ್ ಇರುವ ಸಣ್ಣ ಮೌಸ್, ವಯರ್ ಇರುವ ಇಯರ್‌ಫೋನ್. ಪುಟ್ಟ ಎಕ್ಸ್‌ಟೆನ್ಷನ್ ಬೋರ್ಡ್ ಒಂದು, ಯಾಕೆಂದರೆ ಲಾಡ್ಜ್‌ಗಳಲ್ಲಿ ಮೂರು ಪಿನ್ನಿನ ಪ್ಲಗ್ ಟಿವಿ ಹಿಂದೆಯೇ ಇರುತ್ತದೆ, ಮೇಜು ಇನ್ನೊಂದು ಮೂಲೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗಿನ ಮಳೆಗವಸು, ಅದರೊಳಗೂ ಲ್ಯಾಪ್‌ಟಾಪಿಗೆ ಒಂದು ದಪ್ಪ ಪ್ಲಾಸ್ಟಿಕ್ ಕವರ್. ಡಬ್ಬಿ ಇಲ್ಲದೆ ಎಲ್ಲಾ ಸೇರಿ ತೂಕದ ಕೊಕ್ಕೆಗೆ ಹಾಕಿದರೆ ಮೂರು ಕೆಜಿಗೆ ಸ್ವಲ್ಪ ಕಡಿಮೆ, ಬ್ಯಾಗಿನ ತೂಕವೂ ಅದರಲ್ಲೇ ಬಂತು.